ಕಾಲ್ ಒಂದು ಗಂಟೆ ‘ಅಪ್’ ಆಗಿದೆ ಅಂದರೆ ಮೊದಲೋ, ಆಮೇಲೋ?

ಪ್ರಶ್ನೆ: ಮೇಡಂ, ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಹೋದ ತಿಂಗಳು ಅಮೆರಿಕದಲ್ಲಿರುವ ನಮ್ಮ ಮ್ಯಾನೇಜರ್ ‘ದ ಕಾಲ್ ಹ್ಯಾಸ್ ಬೀನ್ ಮೂವ್ಡ್ ಅಪ್ ಬೈ ಆನ್ ಅವರ್’ ಎಂದು ಮೇಲ್ ಹಾಕಿದ್ದರು. ಸಂಜೆ 7ರ ಕಾಲ್ 8ಕ್ಕೆ ಹೋಯಿತು ಅಂದುಕೊಂಡು 8ಕ್ಕೆ ಸೇರಿದೆ. ಅಷ್ಟರಲ್ಲಿ ಎಲ್ಲಾ ಮುಗಿದಿತ್ತು. ಕಾಲ್ 6ಕ್ಕೇ ಶುರುವಾಗಿತ್ತಂತೆ. ಎಲ್ಲರ ಮುಂದೆ ತುಂಬಾ ಮುಜುಗರವಾಯಿತು. ಅಪ್ ಅಂದರೆ ಮೇಲೆ ಅಲ್ವಾ? ಹಾಗಾದರೆ ‘ಈಟ್ ಅಪ್’ನಲ್ಲಿ ಮೇಲೆ ಎಲ್ಲಿದೆ? ‘ಬರ್ನ್ ಅಪ್’, ‘ಬರ್ನ್ ಡೌನ್’ ಎರಡೂ ಸುಡುವುದೇ ಹೇಗೆ? ಇದಕ್ಕೆಲ್ಲ ಏನಾದರೂ ನಿಯಮ ಇದೆಯಾ, ಇಲ್ಲ ಬಾಯಿಪಾಠವೇ ಗತಿಯಾ? ಆರನೇ ಕ್ಲಾಸಿನ ಮಗಳೂ ಇದನ್ನೇ ಕೇಳುತ್ತಿದ್ದಾಳೆ, ಅವಳಿಗೆ ಹೇಗೆ ಹೇಳಿಕೊಡಲಿ?

ಉತ್ತರ: ನಿಮ್ಮ ತಪ್ಪಿನ ಹಿಂದೆ ಇರುವುದು ನಿಮ್ಮ ಕನ್ನಡ. ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ ಇದು. ನಾವು ‘ಊಟ ಆದ ಮೇಲೆ’, ‘ಇನ್ನು ಮೇಲೆ’, ‘ಆಮೇಲೆ ಬಾ’, ‘ಒಂದು ಗಂಟೆ ಆದ ಮೇಲೆ ಫೋನ್ ಮಾಡು’ ಅನ್ನುತ್ತೇವೆ. ಹೊತ್ತಿನ ಮಾತು ಬಂದರೆ ಕನ್ನಡದ ‘ಮೇಲೆ’ಗೆ ‘ನಂತರ’ ಎಂದೇ ಅರ್ಥ. ‘ಅಪ್’ ಅಂದರೆ ಮೇಲೆ ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಒಂದು ಗಂಟೆ ಅಪ್ ಅಂದಾಗ ಒಂದು ಗಂಟೆ ಆದ ಮೇಲೆ ಎಂದು ತಲೆಗೆ ಹೊಳೆಯುವುದು ತೀರಾ ಸಹಜ.

ಇಂಗ್ಲಿಷಿನವರ ಮನಸ್ಸಿನಲ್ಲಿ ಇರುವ ಚಿತ್ರ ಬೇರೆ. ನಿಮ್ಮ ಫೋನಿನ ಕ್ಯಾಲೆಂಡರ್ ತೆರೆದು ಒಂದು ದಿನದ ಪುಟ ನೋಡಿ. 6 ಗಂಟೆಯ ಗೆರೆ 7ರ ಗೆರೆಗಿಂತ ಮೇಲಿರುತ್ತದೆ. ಕಾಲ್ ಅನ್ನು ಬೆರಳಲ್ಲಿ ಹಿಡಿದು ಮೇಲಕ್ಕೆ ಸರಿಸಿದರೆ ಅದು 6ಕ್ಕೆ ಹೋಗುತ್ತದೆ. ‘ಮೂವ್ಡ್ ಅಪ್’ ಅಂದರೆ ಇಷ್ಟೇ, ಪಟ್ಟಿಯಲ್ಲಿ ಮೇಲಕ್ಕೆ ಹೋಯಿತು, ಅಂದರೆ ಬೇಗ ಬಂತು. ಕನ್ನಡದಲ್ಲೂ ಈ ಚಿತ್ರ ಇಲ್ಲದೇ ಇಲ್ಲ. ಪತ್ರ ಬರೆಯುವಾಗ ‘ಮೇಲೆ ಹೇಳಿದಂತೆ’ ಅನ್ನುತ್ತೇವಲ್ಲ, ಅಲ್ಲಿ ಮೇಲೆ ಎಂದರೆ ಮೊದಲು! ಕಾಗದದ ಮೇಲೆ ಮೊದಲಿನದು ಮೇಲಿರುತ್ತದೆ, ಕಾಲದಲ್ಲಿ ಮಾತ್ರ ನಂತರದ್ದು ‘ಮೇಲೆ’ ಆಗುತ್ತದೆ. ಎರಡನ್ನೂ ನಾವು ಒಂದೇ ಬಾಯಲ್ಲಿ ಹೇಳುತ್ತೇವೆ, ಎಂದೂ ಗೊಂದಲ ಆಗುವುದಿಲ್ಲ.

ಇದೇ ಜಾತಿಯ ಇನ್ನೊಂದು ಗುಂಡಿ ಇದೆ, ಅದನ್ನೂ ಈಗಲೇ ತೋರಿಸಿಬಿಡುತ್ತೇನೆ. ಸಭೆಯನ್ನು ಮುಂದಕ್ಕೆ ಹಾಕಿದರು, ಮುಂದೂಡಿದರು ಅಂದರೆ ನಮಗೆ ತಡವಾಯಿತು ಎಂದರ್ಥ. ಇಂಗ್ಲಿಷಿನಲ್ಲಿ ‘ಬ್ರಿಂಗ್ ಫಾರ್ವರ್ಡ್’ ಅಂದರೆ ಬೇಗ ಮಾಡುವುದು, ‘ಪುಶ್ ಬ್ಯಾಕ್’ ಅಂದರೆ ತಡ ಮಾಡುವುದು. ನಮ್ಮ ‘ಮುಂದೆ’ ಅವರಿಗೆ ‘ಹಿಂದೆ’. ಇನ್ನು ಭಾರತದ ಆಫೀಸುಗಳಲ್ಲಿ ಎಲ್ಲರೂ ಆಡುವ ‘ಪ್ರಿಪೋನ್’ (ಗೊತ್ತಾದ ಹೊತ್ತಿಗಿಂತ ಬೇಗ ಮಾಡುವುದು) ನಮ್ಮ ಇಂಗ್ಲಿಷಿನ ಪದ. ನನಗೆ ಅದರ ಮೇಲೆ ಪ್ರೀತಿ ಇದೆ, ಅಷ್ಟು ಸ್ಪಷ್ಟವಾದ ಪದ ಬೇರೆ ಕಡೆ ಸಿಗುವುದಿಲ್ಲ. ಆದರೆ ಅಮೆರಿಕದ ಮ್ಯಾನೇಜರಿಗೆ ಅದು ಗೊತ್ತಿರಲಿಕ್ಕಿಲ್ಲ. ಆದ್ದರಿಂದ ಇಂಥ ಮೇಲ್ ಬಂದಾಗ ಒಂದು ಸಾಲು ಉತ್ತರ ಹಾಕಿ: ‘ಸೋ ವಿ ಮೀಟ್ ಅಟ್ 6 ಪಿಎಂ ಇಂಡಿಯಾ ಟೈಮ್, ರೈಟ್?’ ಹೀಗೆ ಕೇಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಹುಟ್ಟಾ ಇಂಗ್ಲಿಷ್ ಮಾತಾಡುವವರೂ ಇಂಥ ಕಡೆ ಗಂಟೆಯನ್ನು ಕೇಳಿ ಖಚಿತ ಮಾಡಿಕೊಳ್ಳುತ್ತಾರೆ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರೋಣ. ನಿಯಮ ಇದೆಯಾ? ಗಣಿತದ ಸೂತ್ರದಂಥ ನಿಯಮ ಇಲ್ಲ. ಆದರೆ ಬಾಯಿಪಾಠವೂ ಬೇಡ. ‘ಈಟ್ ಅಪ್’, ‘ಬರ್ನ್ ಡೌನ್’ ಥರ ಕ್ರಿಯಾಪದಕ್ಕೆ ಪುಟ್ಟ ಪದ ಅಂಟಿದ ಜೋಡಿಗಳಿಗೆ ಫ್ರೇಸಲ್ ವರ್ಬ್ ಅನ್ನುತ್ತಾರೆ. ‘ಐನೂರು ಫ್ರೇಸಲ್ ವರ್ಬ್‌ಗಳು’ ಎಂಬಂಥ ಪಟ್ಟಿಗಳನ್ನು ನಾನು ಮಕ್ಕಳ ಕೈಗೆ ಕೊಡುವುದೇ ಇಲ್ಲ. ಅವು ಎದೆಗೆ ಇಳಿಯುವುದಿಲ್ಲ, ಪರೀಕ್ಷೆ ಮುಗಿದ ಮರುದಿನ ಹಾರಿಹೋಗುತ್ತವೆ. ‘ಅಪ್’ ಪದಕ್ಕೆ ನೂರು ಅರ್ಥ ಇದೆ ಎಂದು ಹೆದರುವ ಬದಲು, ಅದಕ್ಕೆ ನಾಲ್ಕೈದು ಚಿತ್ರಗಳಿವೆ ಎಂದು ತಿಳಿದುಕೊಳ್ಳಿ. ಆ ಚಿತ್ರಗಳಲ್ಲಿ ಹೆಚ್ಚಿನವು ಕನ್ನಡದಲ್ಲೂ ಇವೆ, ಬೇರೆ ಬಟ್ಟೆ ಹಾಕಿಕೊಂಡು.

ಮೊದಲು ಸ್ವಲ್ಪ ಹಳೆಯ ಕಥೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇದು ಎರಡು ಪದವಾಗಿತ್ತು. ‘ಉಪ್’ ಅಂದರೆ ಮೇಲಕ್ಕೆ, ‘ಉಪ್ಪೆ’ ಅಂದರೆ ಮೇಲೆ. ಕನ್ನಡ ಇಂದಿಗೂ ಆ ವ್ಯತ್ಯಾಸ ಉಳಿಸಿಕೊಂಡಿದೆ. ಹಕ್ಕಿ ಮೇಲಕ್ಕೆ ಹಾರಿತು, ಹಕ್ಕಿ ಮೇಲೆ ಕೂತಿದೆ. ಇಂಗ್ಲಿಷಿನಲ್ಲಿ ಎರಡೂ ಕೂಡಿ ಒಂದೇ ‘ಅಪ್’ ಆಯಿತು. ಇಲ್ಲೇ ಒಂದು ಪದದ ತಲೆಯ ಮೇಲೆ ಎರಡು ಹೊರೆ ಬಿತ್ತು.

ಈ ಪದದ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಸಂಸ್ಕೃತದ ‘ಉಪ’ ಮತ್ತು ಇಂಗ್ಲಿಷಿನ ‘ಅಪ್’ ಒಂದೇ ಬುಡದಿಂದ ಬಂದವು ಎಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಉಪಾಧ್ಯಾಯ, ಉಪನಯನ, ಉಪವಾಸ, ಉಪಮುಖ್ಯಮಂತ್ರಿ ಎಲ್ಲದರಲ್ಲೂ ನಾವು ದಿನಾ ಬಳಸುವ ಅದೇ ಉಪ. ಸಂಸ್ಕೃತದಲ್ಲಿ ಅದಕ್ಕೆ ‘ಹತ್ತಿರ’ ಎಂಬ ಅರ್ಥ ಗಟ್ಟಿಯಾಗಿ ನಿಂತಿತು. ಉಪನಯನ ಅಂದರೆ ಹತ್ತಿರಕ್ಕೆ ಕರೆದೊಯ್ಯುವುದು. ಇಂಗ್ಲಿಷಿನ ಅಪ್‌ನಲ್ಲೂ ಈ ಹತ್ತಿರ ಇದೆ. ‘ಶಿ ವಾಕ್ಡ್ ಅಪ್ ಟು ಮಿ’ ಅಂದರೆ ಅವಳು ಬೆಟ್ಟ ಹತ್ತಲಿಲ್ಲ, ನನ್ನ ಹತ್ತಿರಕ್ಕೇ ನಡೆದು ಬಂದಳು. ‘ಕ್ಯಾಚ್ ಅಪ್’, ‘ಕೀಪ್ ಅಪ್’ ಎಲ್ಲ ಇದೇ ಮನೆಯವು. ಮುಂದೆ ಹೋದವರ ಹತ್ತಿರಕ್ಕೆ ಮುಟ್ಟುವುದು, ಮುಟ್ಟಿದ ಮೇಲೆ ಹಿಂದೆ ಬೀಳದೆ ಸಮಕ್ಕೆ ಹೋಗುವುದು.

ಅಂದ ಹಾಗೆ, ಇಲ್ಲೇ ಒಂದು ಎಚ್ಚರಿಕೆ. ‘ಕೀಪ್ ಅಪ್ ವಿತ್’ ಎಂಬುದು ಕಿವಿಯಲ್ಲಿ ಕೂತುಬಿಟ್ಟಿರುವುದರಿಂದ ನಮ್ಮಲ್ಲಿ ತುಂಬಾ ಜನ ‘ಕೋಪ್ ಅಪ್ ವಿತ್’ ಅನ್ನುತ್ತಾರೆ. ಅದು ‘ಕೋಪ್ ವಿತ್’ ಅಷ್ಟೇ, ಅಪ್ ಬೇಡ. ಮೇಲ್ ಬರೆಯುವಾಗ ಇದೊಂದನ್ನು ಗಮನದಲ್ಲಿಟ್ಟುಕೊಳ್ಳಿ.

ಈಗ ಚಿತ್ರಗಳು. ಎಲ್ಲಕ್ಕಿಂತ ಹಳೆಯದು ನಮ್ಮ ಮೈ. ಮನುಷ್ಯ ಎಚ್ಚರವಾಗಿದ್ದಾಗ, ಗಟ್ಟಿಮುಟ್ಟಾಗಿದ್ದಾಗ ನೆಟ್ಟಗೆ ನಿಲ್ಲುತ್ತಾನೆ. ನಿದ್ದೆ ಬಂದಾಗ, ಕಾಯಿಲೆ ಬಿದ್ದಾಗ, ಸತ್ತಾಗ ಮಲಗುತ್ತಾನೆ. ಹಾಗಾಗಿ ‘ವೇಕ್ ಅಪ್’, ‘ಗೆಟ್ ಅಪ್’, ‘ಸ್ಟ್ಯಾಂಡ್ ಅಪ್’, ‘ಚಿಯರ್ ಅಪ್’. ಕನ್ನಡದ ‘ಏಳು’ ನೋಡಿ. ಕುರ್ಚಿಯಿಂದಲೂ ಏಳುತ್ತೇವೆ, ನಿದ್ದೆಯಿಂದಲೂ ಏಳುತ್ತೇವೆ. ‘ರಾತ್ರಿ ಎರಡರ ತನಕ ಎದ್ದಿದ್ದೆ’ ಅಂದರೆ ನಿಂತುಕೊಂಡಿದ್ದೆ ಎಂದಲ್ಲ, ಎಚ್ಚರವಿದ್ದೆ ಎಂದು. ಇಂಗ್ಲಿಷಿನವರೂ ‘ಐ ವಾಸ್ ಅಪ್ ಟಿಲ್ ಟೂ’ ಎಂದೇ ಹೇಳುತ್ತಾರೆ, ಪದಕ್ಕೆ ಪದ ಕೂಡುತ್ತದೆ. ಒಂದು ಸಣ್ಣ ವ್ಯತ್ಯಾಸ ಮಾತ್ರ ಮಗಳಿಗೆ ಹೇಳಿ. ‘ವೇಕ್ ಅಪ್’ ಅಂದರೆ ಕಣ್ಣು ಬಿಡುವುದು, ‘ಗೆಟ್ ಅಪ್’ ಅಂದರೆ ಹಾಸಿಗೆ ಬಿಟ್ಟು ಇಳಿಯುವುದು. ಭಾನುವಾರ ಬೆಳಿಗ್ಗೆ ಈ ಎರಡರ ನಡುವೆ ಎಷ್ಟು ದೂರ ಇರುತ್ತದೆ ಎಂದು ಮಕ್ಕಳಿಗೆ ನಾವು ಹೇಳಿಕೊಡಬೇಕಿಲ್ಲ.

ಎರಡನೆಯದು ರಾಶಿ. ಅಕ್ಕಿ ಸುರಿದಷ್ಟೂ ರಾಶಿ ಎತ್ತರವಾಗುತ್ತದೆ. ಜಾಸ್ತಿ ಅಂದರೆ ಎತ್ತರ. ಬೆಲೆ ಏರಿತು, ಜ್ವರ ಏರಿತು, ಬಿಪಿ ಏರಿದೆ, ಸದ್ದು ಏರಿತು. ಇಂಗ್ಲಿಷಿನ ‘ಗೋ ಅಪ್’, ‘ಟರ್ನ್ ಅಪ್ ದ ವಾಲ್ಯೂಮ್’, ‘ಸ್ಪೀಕ್ ಅಪ್’, ‘ಸ್ಪೀಡ್ ಅಪ್’ ಎಲ್ಲ ಇಲ್ಲಿಂದ. ಅದರ ಪಕ್ಕದಲ್ಲೇ ಇನ್ನೊಂದು: ಎತ್ತರದಲ್ಲಿರುವವರು ದೊಡ್ಡವರು. ‘ಕಷ್ಟಪಟ್ಟು ಮೇಲೆ ಬಂದ’ ಅನ್ನುತ್ತೇವೆ, ಮೇಲಧಿಕಾರಿ ಅನ್ನುತ್ತೇವೆ. 1980ರಲ್ಲಿ ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಒಂದು ಪುಸ್ತಕದಲ್ಲಿ ಇದನ್ನೇ ಬಿಡಿಸಿ ತೋರಿಸಿದರು. ಸಂತೋಷ ಮೇಲೆ, ದುಃಖ ಕೆಳಗೆ, ಎಚ್ಚರ ಮೇಲೆ, ನಿದ್ದೆ ಕೆಳಗೆ, ಜಾಸ್ತಿ ಮೇಲೆ, ಕಡಿಮೆ ಕೆಳಗೆ. ಇವು ಬರೀ ಅಲಂಕಾರದ ಮಾತುಗಳಲ್ಲ, ನಾವು ಯೋಚನೆ ಮಾಡುವ ದಾರಿಯೇ ಹಾಗೆ ಎಂದು ಅವರು ವಾದಿಸಿದರು. ಅದಾದ ಮರುವರ್ಷ, 1981ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊದಲ್ಲಿ ಸೂಸನ್ ಲಿಂಡ್ನರ್ ಎಂಬವರು ಬರೀ ‘ಔಟ್’ ಮತ್ತು ‘ಅಪ್’ ಎಂಬ ಎರಡೇ ಪದಗಳು ಕ್ರಿಯಾಪದದ ಜೊತೆ ಹೇಗೆ ಕೂಡುತ್ತವೆ ಎಂಬುದರ ಮೇಲೆ ಪಿಎಚ್‌ಡಿ ಮಾಡಿದರು. ಎರಡಕ್ಷರದ ಪದಕ್ಕೆ ಒಂದು ಪ್ರಬಂಧದಷ್ಟು ಸರಕು ಇದೆ ಅಂದ ಮೇಲೆ, ನೀವು ಒಂದು ಮೇಲ್ ಓದಿ ಎಡವಿದ್ದರಲ್ಲಿ ಮುಜುಗರ ಪಡುವುದೇನಿದೆ?

ಮೂರನೆಯ ಚಿತ್ರದಲ್ಲಿ ನಿಮ್ಮ ‘ಈಟ್ ಅಪ್’ ಇದೆ. ಇದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಸ್ವಲ್ಪ ಹೊತ್ತು ಇಲ್ಲಿ ನಿಲ್ಲೋಣ.

ಕೊಡಕ್ಕೆ ನೀರು ಬಿಡಿ. ನೀರು ಮೇಲಕ್ಕೆ ಬರುತ್ತಾ ಬರುತ್ತಾ ಕಂಠ ಮುಟ್ಟುತ್ತದೆ. ಅಲ್ಲಿಗೆ ತುಂಬಿತು, ಮುಗಿಯಿತು. ‘ಫಿಲ್ ಅಪ್’. ನೀರು ಮೇಲೆ ಬರುವುದೂ ಕೆಲಸ ಪೂರ್ತಿಯಾಗುವುದೂ ಒಟ್ಟಿಗೇ ಆಗುತ್ತವೆ. ಇಂಥ ನೂರಾರು ಅನುಭವದಿಂದ ‘ಅಪ್’ ಪದಕ್ಕೆ ‘ಪೂರ್ತಿ’ ಎಂಬ ಅರ್ಥ ಅಂಟಿಕೊಂಡಿತು ಎಂದು ನೋಡಿದರೆ ಉಳಿದದ್ದೆಲ್ಲ ಸಲೀಸು. ‘ಈಟ್ ಅಪ್’ ಅಂದರೆ ತಟ್ಟೆ ಖಾಲಿಯಾಗುವಂತೆ ತಿನ್ನುವುದು. ‘ಡ್ರಿಂಕ್ ಅಪ್’, ‘ಯೂಸ್ ಅಪ್’, ‘ಕ್ಲೀನ್ ಅಪ್’, ‘ಡ್ರೈ ಅಪ್’, ‘ಟೇರ್ ಅಪ್’, ‘ಲಾಕ್ ಅಪ್’ ಎಲ್ಲದರಲ್ಲೂ ಅಪ್ ಅಂದರೆ ಏನೂ ಉಳಿಸದೆ, ಪೂರ್ತಿಯಾಗಿ.

‘ಟೈಮ್ ಈಸ್ ಅಪ್’ ಅಂದರೆ? ಕಾಲ ತುಂಬಿತು. ಕನ್ನಡದಲ್ಲಿ ಮಗುವಿಗೆ ಎರಡು ವರ್ಷ ತುಂಬಿತು ಅನ್ನುತ್ತೇವೆ, ದಿನ ತುಂಬಿದ ಬಸುರಿ ಅನ್ನುತ್ತೇವೆ, ಪಾಪದ ಕೊಡ ತುಂಬಿತು ಅನ್ನುತ್ತೇವೆ. ಕಾಲವೂ ಒಂದು ಕೊಡದ ಹಾಗೆ ತುಂಬುತ್ತದೆ ಎಂದು ಕಂಡುಕೊಂಡ ಭಾಷೆ ನಮ್ಮದು. ಅಂಥವರಿಗೆ ‘ಟೈಮ್ ಈಸ್ ಅಪ್’ ಏಕೆ ಕಷ್ಟವಾಗಬೇಕು?

ಪೂರ್ತಿ ಎಂಬ ಈ ಕೆಲಸವನ್ನು ಕನ್ನಡ ಇನ್ನೊಂದು ಬಗೆಯಲ್ಲೂ ಮಾಡುತ್ತದೆ. ಒಂದು ಕ್ರಿಯಾಪದದ ಬಾಲಕ್ಕೆ ಇನ್ನೊಂದನ್ನು ಕಟ್ಟುತ್ತದೆ. ತಿನ್ನು ಎಂಬುದು ತಿನ್ನುವುದು ಮಾತ್ರ. ತಿಂದುಬಿಡು ಅಂದರೆ ತಿಂದು ಮುಗಿಸು. ಕುಡಿದುಬಿಡು, ಗುಡಿಸಿಬಿಡು, ಹರಿದುಹಾಕು, ಕಿತ್ತುಹಾಕು, ಬತ್ತಿಹೋಗು, ಸುಟ್ಟುಹೋಗು. ಇಲ್ಲಿ ಯಾರೂ ಏನನ್ನೂ ಬಿಡುತ್ತಿಲ್ಲ, ಹಾಕುತ್ತಿಲ್ಲ, ಹೋಗುತ್ತಿಲ್ಲ. ಬಿಡು, ಹಾಕು, ಹೋಗು ಎಂಬ ಈ ಮೂರೂ ಇಂಗ್ಲಿಷಿನ ಅಪ್ ಮಾಡುವ ಕೆಲಸವನ್ನೇ ಮಾಡುತ್ತಿವೆ. ‘ಟೇರ್ ಅಪ್ ದ ಲೆಟರ್’ ಅಂದರೆ ಕಾಗದ ಹರಿದುಹಾಕು. ‘ದ ವೆಲ್ ಡ್ರೈಡ್ ಅಪ್’ ಅಂದರೆ ಬಾವಿ ಬತ್ತಿಹೋಯಿತು. ‘ಗಿವ್ ಅಪ್ ಸ್ಮೋಕಿಂಗ್’ ಅಂದರೆ ಸಿಗರೇಟು ಬಿಟ್ಟುಬಿಡು. ಒಬ್ಬ ವಿದೇಶಿ ಕನ್ನಡ ಕಲಿಯಲು ಬಂದು ‘ತಿಂದುಬಿಡು ಅಂದರೆ ತಿಂದು ಆಮೇಲೆ ಬಿಡಬೇಕಾ?’ ಎಂದು ಕೇಳಿದರೆ ನೀವು ಏನು ಹೇಳುತ್ತೀರಿ? ‘ಈಟ್ ಅಪ್ ಅಂದರೆ ಮೇಲಕ್ಕೆ ತಿನ್ನುವುದಾ?’ ಎಂಬ ಪ್ರಶ್ನೆಗೂ ಅದೇ ಉತ್ತರ.

ಇದನ್ನು ಪರೀಕ್ಷೆ ಮಾಡಿ ನೋಡಬಹುದು. ‘ಅರ್ಧ ಗಂಟೆ ಇಡ್ಲಿ ತಿಂದೆ’ ಅನ್ನಬಹುದು, ಅದರಲ್ಲಿ ಎಷ್ಟು ಹೊತ್ತು ಎಂಬ ಲೆಕ್ಕ ಇದೆ. ಬರೀ ‘ಈಟ್’ ಕೂಡ ಹಾಗೇ ನಡೆಯುತ್ತದೆ. ‘ಈಟ್ ಅಪ್’ ಅಂದ ತಕ್ಷಣ ‘ಅರ್ಧ ಗಂಟೆಯಲ್ಲಿ ತಿಂದು ಮುಗಿಸಿದೆ’ ಎಂದೇ ಆಗಬೇಕು, ಅರ್ಧ ಗಂಟೆ ಕಾಲ ತಿನ್ನುತ್ತಲೇ ಇದ್ದೆ ಎಂದು ಆಗದು. ಅಪ್ ಬಂದರೆ ಕೆಲಸಕ್ಕೆ ಒಂದು ಕೊನೆ ಬಂತು.

ಹಾಗೆಂದು ಬಿಡು ಮತ್ತು ಅಪ್ ಪೂರ್ತಿ ಒಂದೇ ಅಲ್ಲ. ನಮ್ಮ ‘ಬಿಡು’ ಪದದಲ್ಲಿ ಮನಸ್ಸಿನ ಬಣ್ಣವೂ ಇರುತ್ತದೆ. ‘ಅಯ್ಯೋ, ಹೇಳಿಬಿಟ್ಟೆ’, ‘ಮಗು ಬಿದ್ದುಬಿಟ್ಟಿತು’. ಅಲ್ಲಿ ಬೇಜಾರು ಇದೆ, ಕೈಮೀರಿತು ಎಂಬ ಭಾವ ಇದೆ. ಇಂಗ್ಲಿಷಿನ ಅಪ್‌ಗೆ ಈ ಶಕ್ತಿ ಇಲ್ಲ. ಬೇಜಾರನ್ನು ಅವರು ಬೇರೆ ಮಾತಿನಲ್ಲಿ ಹೇಳಬೇಕು. ಈ ಒಂದು ವಿಷಯದಲ್ಲಿ ಕನ್ನಡ ಹೆಚ್ಚು ಸಿರಿವಂತ ಎಂದೇ ನಾನು ನಂಬುತ್ತೇನೆ.

ಈಗ ‘ಬರ್ನ್ ಅಪ್’, ‘ಬರ್ನ್ ಡೌನ್’. ಎರಡರಲ್ಲೂ ಸುಡುವುದು ಒಂದೇ, ಕೊನೆಯ ನೋಟ ಬೇರೆ. ಮನೆಗೆ ಬೆಂಕಿ ಬಿದ್ದರೆ ಚಾವಣಿ, ಗೋಡೆ ಕುಸಿದು ನೆಲಕ್ಕೆ ಬರುತ್ತದೆ. ಆದ್ದರಿಂದ ‘ದ ಹೌಸ್ ಬರ್ನ್ಡ್ ಡೌನ್’, ಸುಟ್ಟು ನೆಲಸಮವಾಯಿತು. ಕಾಗದ ಸುಟ್ಟರೆ ಕುಸಿಯಲು ಏನಿದೆ? ಪೂರ್ತಿ ಬೂದಿಯಾಗಿ ಇಲ್ಲವಾಗುತ್ತದೆ. ಅದು ‘ಬರ್ನ್ ಅಪ್’, ಸುಟ್ಟುಹೋಯಿತು. ಒಂದರಲ್ಲಿ ಡೌನ್ ದಿಕ್ಕು ಹೇಳುತ್ತದೆ, ಇನ್ನೊಂದರಲ್ಲಿ ಅಪ್ ಪೂರ್ತಿ ಎನ್ನುತ್ತದೆ. ಹಾಗಾಗಿ ಜಗಳವೇ ಇಲ್ಲ. ‘ಸ್ಲೋ ಅಪ್’, ‘ಸ್ಲೋ ಡೌನ್’ ಎರಡಕ್ಕೂ ನಿಧಾನವಾಗು ಎಂದೇ ಅರ್ಥ ಇರುವುದೂ ಹೀಗೇ. ನೀವು ‘ಸ್ಲೋ ಡೌನ್’ ಬಳಸಿ ಸಾಕು, ಅದೇ ಹೆಚ್ಚು ಚಾಲ್ತಿಯಲ್ಲಿದೆ.

ಫಾರಂ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಾವು ‘ಫಿಲ್ ಅಪ್ ದ ಫಾರಂ’ ಅನ್ನುತ್ತೇವೆ, ಏಕೆಂದರೆ ಕನ್ನಡದಲ್ಲಿ ಅರ್ಜಿಯನ್ನು ತುಂಬುತ್ತೇವೆ. ಇಂದು ಬ್ರಿಟನ್ನಿನವರು ಹೆಚ್ಚಾಗಿ ‘ಫಿಲ್ ಇನ್’ ಎನ್ನುತ್ತಾರೆ, ಅಮೆರಿಕದವರು ‘ಫಿಲ್ ಔಟ್’. ನಮ್ಮದು ಅವರಿಗೆ ಅರ್ಥವಾಗುತ್ತದೆ, ಹೆದರಬೇಡಿ. ಆದರೆ ನಿಮ್ಮ ಮ್ಯಾನೇಜರ್ ‘ಫಿಲ್ ಔಟ್’ ಅಂದರೆ ಅದು ಇದೇ ಎಂದು ತಿಳಿದಿರಲಿ.

ನಾಲ್ಕನೆಯದು ಕಣ್ಣಿಗೆ ಬೀಳುವುದು. ನೀರೊಳಗೆ ಇದ್ದದ್ದು ಮೇಲೆ ಬಂದರೆ ಕಾಣುತ್ತದೆ. ಸೂರ್ಯ ಮೇಲೆ ಬಂದರೆ ಕಾಣುತ್ತಾನೆ. ಹೀಗೆ ‘ಟರ್ನ್ ಅಪ್’, ‘ಶೋ ಅಪ್’ ಅಂದರೆ ಪ್ರತ್ಯಕ್ಷವಾಗುವುದು. ‘ಸಮ್‌ಥಿಂಗ್ ಹ್ಯಾಸ್ ಕಮ್ ಅಪ್’ ಅಂದರೆ ಏನೋ ಒಂದು ಕೆಲಸ ಎದ್ದಿದೆ, ಬರಲಾಗದು ಎಂದು. ಕನ್ನಡದಲ್ಲೂ ಪ್ರಶ್ನೆ ಏಳುತ್ತದೆ, ತಕರಾರು ಏಳುತ್ತದೆ, ಮಾತನ್ನು ಎತ್ತುತ್ತೇವೆ. ‘ಡೋಂಟ್ ಬ್ರಿಂಗ್ ಇಟ್ ಅಪ್’ ಅಂದರೆ ಆ ಮಾತೆತ್ತಬೇಡ ಎಂದು. ಅದೇ ‘ಬ್ರಿಂಗ್ ಅಪ್’ ಮಗುವಿನ ಜೊತೆ ಬಂದರೆ ಸಾಕಿ ಬೆಳೆಸುವುದು, ಊಟದ ಜೊತೆ ಬಂದರೆ ವಾಂತಿ. ಮೂರರಲ್ಲೂ ಕೆಳಗಿದ್ದದ್ದು ಮೇಲೆ ಬಂತು.

‘ಮೇಕ್ ಅಪ್’ ಬಗ್ಗೆ ಒಂದು ಮಾತು. ಮುಖಕ್ಕೆ ಹಚ್ಚುವ ಮೇಕಪ್ ಎಲ್ಲರಿಗೂ ಗೊತ್ತು. ‘ಮೇಡ್ ಅಪ್ ಎ ಸ್ಟೋರಿ’ ಅಂದರೆ ಕಥೆ ಕಟ್ಟಿದ, ಸುಳ್ಳು ಹೇಳಿದ. ‘ಮೇಕ್ ಅಪ್ ಯುವರ್ ಮೈಂಡ್’ ಅಂದರೆ ಒಂದು ತೀರ್ಮಾನಕ್ಕೆ ಬಾ. ಜಗಳ ಆಡಿದವರು ‘ಮೇಡ್ ಅಪ್’ ಅಂದರೆ ರಾಜಿಯಾದರು. ಬಿಡಿ ಬಿಡಿ ಚೂರುಗಳನ್ನು ಕೂಡಿಸಿ ಒಂದು ಪೂರ್ತಿ ವಸ್ತು ಮಾಡುವುದು, ಕೊರತೆ ತುಂಬುವುದು ಇದರ ಒಳಗಿನ ಚಿತ್ರ. ಕನ್ನಡದ ‘ಕಟ್ಟು’ ಇದಕ್ಕೆ ತೀರಾ ಹತ್ತಿರ. ಮನೆ ಕಟ್ಟುತ್ತೇವೆ, ಪದ ಕಟ್ಟುತ್ತೇವೆ, ಕಥೆಯನ್ನೂ ಕಟ್ಟುತ್ತೇವೆ.

ಇನ್ನು ನಕ್ಷೆಯ ಅಪ್. ಭೂಪಟದಲ್ಲಿ ಉತ್ತರ ಮೇಲಿರುವುದರಿಂದ ‘ಅಪ್ ನಾರ್ತ್’, ‘ಡೌನ್ ಸೌತ್’. ನಮ್ಮ ಹಿರಿಯರಿಗೆ ಮೇಲು ಕೆಳಗು ಎಂದರೆ ನೆಲದ ಇಳಿಜಾರು. ಕರಾವಳಿಯವರಿಗೆ ಘಟ್ಟದ ಮೇಲೆ, ಮಲೆನಾಡಿನವರಿಗೆ ಘಟ್ಟದ ಕೆಳಗೆ. ನದಿ ಹುಟ್ಟುವ ಕಡೆ ಮೇಲು. ಭದ್ರಾ ಮೇಲ್ದಂಡೆ, ಕೃಷ್ಣಾ ಮೇಲ್ದಂಡೆ ಯೋಜನೆಗಳ ಹೆಸರಲ್ಲಿರುವ ಮೇಲು ಇಂಗ್ಲಿಷಿನ ‘ಅಪ್ಪರ್’. ಈಜಿಪ್ಟಿನಲ್ಲಿ ನೈಲ್ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ, ಹಾಗಾಗಿ ‘ಅಪ್ಪರ್ ಈಜಿಪ್ಟ್’ ನಕ್ಷೆಯಲ್ಲಿ ಕೆಳಗಿದೆ! ಬ್ರಿಟನ್ನಿನ ರೈಲಿನವರಿಗೆ ಮಾತ್ರ ಭೂಪಟವೂ ಬೇಡ, ಇಳಿಜಾರೂ ಬೇಡ. ಯಾವ ದಿಕ್ಕಿನಿಂದ ಬಂದರೂ ಲಂಡನ್ ಕಡೆ ಹೋಗುವುದು ಸಾಮಾನ್ಯವಾಗಿ ‘ಅಪ್’ ರೈಲು, ಲಂಡನ್ ಬಿಟ್ಟು ಬರುವುದು ‘ಡೌನ್’. ಬ್ರಿಟಿಷರ ಕಾಲದಲ್ಲಿ ಆ ಅಪ್ ಮತ್ತು ಡೌನ್ ನಮ್ಮ ರೈಲಿಗೂ ಬಂದವು. ಇಂದು ಮಂಡ್ಯದಿಂದ ಬೆಂಗಳೂರಿಗೆ ದಿನಾ ಓಡಾಡುವವರು ‘ಅಪ್ ಅಂಡ್ ಡೌನ್ ಮಾಡ್ತೀನಿ’ ಅನ್ನುತ್ತಾರೆ. ಇದೀಗ ಕನ್ನಡದ್ದೇ ಮಾತು. ಅಮೆರಿಕದವರ ಮುಂದೆ ಹಾಗೇ ಹೇಳಿದರೆ ಮೆಟ್ಟಿಲು ಹತ್ತಿ ಇಳಿಯುತ್ತೀರಿ ಅಂದುಕೊಂಡಾರು, ಅವರಿಗೆ ‘ಕಮ್ಯೂಟ್’ ಎನ್ನಿ. ‘ಗಾಡಿಗೆ ಪಿಕಪ್ ಇಲ್ಲ’, ‘ಮುಂದೆ ಅಪ್ ಇದೆ, ಫಸ್ಟ್ ಗೇರ್ ಹಾಕು’ ಇವೂ ನಮ್ಮವೇ. ಇವನ್ನು ಕಚ್ಚಾ ಇಂಗ್ಲಿಷ್ ಎಂದು ಆಡಿಕೊಳ್ಳುವವರ ಜೊತೆ ನನಗೆ ಒಪ್ಪಿಗೆ ಇಲ್ಲ. ಒಂದು ಭಾಷೆ ಇನ್ನೊಂದರ ಪದವನ್ನು ಎತ್ತಿಕೊಂಡು ತನ್ನ ಕೆಲಸಕ್ಕೆ ಹಚ್ಚುವುದು ಆ ಭಾಷೆ ಬದುಕಿದೆ ಎಂಬುದರ ಗುರುತು.

‘ಅಪ್ ಟು’ ಬಗ್ಗೆ ಬೇಗ ಹೇಳುತ್ತೇನೆ. ಸಾಮಾನ್ಯವಾಗಿ ಅದು ‘ವರೆಗೆ’. ಅಂಗಡಿಯ ಜಾಹೀರಾತಿನಲ್ಲಿ 50 ಎಂಬ ಅಂಕಿ ದೊಡ್ಡದಾಗಿ, ಅದರ ತಲೆಯ ಮೇಲೆ ‘ಅಪ್ ಟು’ ಸಣ್ಣದಾಗಿ ಇದ್ದರೆ, ಹೆಚ್ಚೆಂದರೆ ಅಷ್ಟು ರಿಯಾಯಿತಿ ಎಂದರ್ಥ. ನಿಮಗೆ ಬೇಕಾದ ಸೀರೆಗೆ ಅದು 10 ಇರಬಹುದು. ‘ಇಟ್ಸ್ ಅಪ್ ಟು ಯು’ ಅಂದರೆ ನಿಮಗೆ ಬಿಟ್ಟದ್ದು. ‘ಹಿ ಈಸ್ ಅಪ್ ಟು ಸಮ್‌ಥಿಂಗ್’ ಅಂದರೆ ಏನೋ ಮಸಲತ್ತು ನಡೆಸಿದ್ದಾನೆ. ‘ವಾಟ್ಸ್ ಅಪ್’ ಅಂದರೆ ಏನ್ ಸಮಾಚಾರ. 2009ರಲ್ಲಿ ಶುರುವಾದ ವಾಟ್ಸ್‌ಆ್ಯಪ್ ತನ್ನ ಹೆಸರನ್ನು ಈ ಮಾತಿನ ಸದ್ದಿನಿಂದಲೇ ತೆಗೆದುಕೊಂಡಿತು. ಯಾರಾದರೂ ಹಾಗೆ ಕೇಳಿದರೆ ವರದಿ ಒಪ್ಪಿಸಬೇಕಿಲ್ಲ, ‘ನಾಟ್ ಮಚ್’ ಅಂದರೆ ಆಯಿತು.

ಅರ್ಥ ಆಯಿತು, ಈಗ ಕಟ್ಟುವ ಬಗೆ. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿ. ‘ಪಿಕ್ ಅಪ್ ದ ಫೋನ್’ ಸರಿ, ‘ಪಿಕ್ ದ ಫೋನ್ ಅಪ್’ ಕೂಡ ಸರಿ. ಆದರೆ ಫೋನ್ ಬದಲು ‘ಇಟ್’ ಬಂದರೆ ‘ಪಿಕ್ ಇಟ್ ಅಪ್’ ಎಂದೇ ಹೇಳಬೇಕು, ‘ಪಿಕ್ ಅಪ್ ಇಟ್’ ತಪ್ಪು. ಇಟ್, ಹಿಮ್, ಹರ್, ದೆಮ್ ಎಂಬ ಪುಟ್ಟ ಪದಗಳು ಇಲ್ಲಿ ಯಾವಾಗಲೂ ನಡುವೆ ಕೂರುತ್ತವೆ. ಬಾಯಲ್ಲಿ ಹೇಳುವಾಗ ಒತ್ತು ‘ಅಪ್’ ಮೇಲೆ ಬೀಳಲಿ, ಆಗ ತಾನಾಗಿಯೇ ಸರಿ ಹೋಗುತ್ತದೆ.

ಇದಕ್ಕೆ ಒಂದು ಜೋಡಿ ಉದಾಹರಣೆ ಇದೆ, ಮಕ್ಕಳಿಗೆ ತುಂಬಾ ಹಿಡಿಸುತ್ತದೆ. ‘ಹಿ ರ‍್ಯಾನ್ ಅಪ್ ಎ ಹಿಲ್’, ‘ಹಿ ರ‍್ಯಾನ್ ಅಪ್ ಎ ಬಿಲ್’. ಕೇಳಲು ಒಂದೇ ಅಕ್ಷರದ ವ್ಯತ್ಯಾಸ. ಮೊದಲನೆಯದರಲ್ಲಿ ಅವನು ಗುಡ್ಡದ ಮೇಲಕ್ಕೆ ಓಡಿದ. ಅಲ್ಲಿ ಅಪ್ ಗುಡ್ಡದ ಜೊತೆಗಾರ, ಹಾಗಾಗಿ ‘ರ‍್ಯಾನ್ ಅಪ್ ಇಟ್’ ಸರಿ. ಎರಡನೆಯದರಲ್ಲಿ ಅವನು ಬಿಲ್ ಬೆಳೆಸಿದ, ಸಾಲ ಏರಿಸಿಕೊಂಡ. ಅಲ್ಲಿ ಅಪ್ ಓಟದ ಜೊತೆಗಾರ, ಹಾಗಾಗಿ ‘ರ‍್ಯಾನ್ ಇಟ್ ಅಪ್’. ‘ಅಪ್ ಯಾರ ಕೈ ಹಿಡಿದಿದೆ?’ ಎಂದು ಮಗಳನ್ನು ಕೇಳಿ. ಅವಳು ತಾನೇ ಕಂಡುಹಿಡಿಯುತ್ತಾಳೆ.

ಬರವಣಿಗೆಯಲ್ಲಿ ಇನ್ನೊಂದು. ಕೆಲಸ ಹೇಳುವಾಗ ಬಿಡಿಸಿ ಬರೆಯಬೇಕು, ವಸ್ತುವಿನ ಹೆಸರಾದಾಗ ಕೂಡಿಸಿ. ‘ಪ್ಲೀಸ್ ಬ್ಯಾಕ್ ಅಪ್ ದ ಫೈಲ್ಸ್’ನಲ್ಲಿ ಎರಡು ಪದ, ‘ದ ಬ್ಯಾಕಪ್ ಈಸ್ ರೆಡಿ’ಯಲ್ಲಿ ಒಂದೇ ಪದ. ಸೆಟಪ್, ಚೆಕಪ್ ಎಲ್ಲಕ್ಕೂ ಹೀಗೇ. ನಿಮ್ಮ ಆಫೀಸಿನ ಮೇಲ್‌ಗಳಲ್ಲಿ ಇದು ದಿನಕ್ಕೆ ಹತ್ತು ಸಲ ಬರುತ್ತದೆ.

ಮಗಳಿಗೆ ಹೇಗೆ ಹೇಳಿಕೊಡಲಿ ಎಂದು ಕೇಳಿದ್ದೀರಿ. ಇಂಗ್ಲಿಷಿನಿಂದ ಶುರು ಮಾಡಬೇಡಿ. ಮೊದಲು ಕನ್ನಡದ ‘ಹತ್ತು’ ಪದ ಕೊಡಿ. ಮರ ಹತ್ತಿದ, ಬಸ್ ಹತ್ತಿದ, ಬೆಂಕಿ ಹತ್ತಿತು, ನಿದ್ದೆ ಹತ್ತಿತು. ಉತ್ತರ ಕರ್ನಾಟಕದ ಕಡೆ ‘ಮಾಡಾಕ ಹತ್ತೀನಿ’. ಇನ್ನೊಂದು ದಿನ ‘ಹೊಡೆ’ ಕೊಡಿ. ಬಾಗಿಲಿಗೆ ಬಣ್ಣ ಹೊಡೆಯುತ್ತಾರೆ, ಗಿಡಕ್ಕೆ ಔಷಧಿ ಹೊಡೆಯುತ್ತಾರೆ, ಗೊರಕೆ ಹೊಡೆಯುತ್ತಾರೆ, ಕಾಪಿ ಹೊಡೆಯುತ್ತಾರೆ, ವಾಸನೆಯೂ ಹೊಡೆಯುತ್ತದೆ. ಎಷ್ಟು ಬಗೆ ಸಿಗುತ್ತವೆ ಎಂದು ಅಜ್ಜಿಯ ಜೊತೆ ಕೂತು ಪಟ್ಟಿ ಮಾಡಲಿ. ಇವನ್ನೆಲ್ಲ ತಾನು ಯಾವ ಪುಸ್ತಕವನ್ನೂ ಓದದೆ ಕಲಿತಿದ್ದೇನೆ ಎಂದು ಅವಳಿಗೆ ಗೊತ್ತಾಗಬೇಕು. ಆಕ್ಸ್‌ಫರ್ಡ್‌ನ ದೊಡ್ಡ ಇಂಗ್ಲಿಷ್ ನಿಘಂಟಿಗಾಗಿ ‘ರನ್’ ಎಂಬ ಒಂದು ಕ್ರಿಯಾಪದವನ್ನು ಪರಿಷ್ಕರಿಸಲು ಪೀಟರ್ ಗಿಲ್ಲಿವರ್ ಎಂಬ ಸಂಪಾದಕರಿಗೆ ಸುಮಾರು ಒಂಬತ್ತು ತಿಂಗಳು ಹಿಡಿಯಿತು. ಸಿಕ್ಕ ಅರ್ಥಗಳು 645. ಅಲ್ಲಿನ ಮಕ್ಕಳು ಆ 645ನ್ನು ಪಟ್ಟಿ ನೋಡಿ ಕಲಿಯುವುದಿಲ್ಲ. ಒಂದೊಂದಾಗಿ, ಮಾತಿನ ನಡುವೆ ಎದುರಾದಾಗ ಎತ್ತಿಕೊಳ್ಳುತ್ತಾರೆ.

ಆಮೇಲೆ ಮನೆಯಲ್ಲೇ ಮೈಯಿಂದ ಮಾಡಿಸಿ. ಲೋಟಕ್ಕೆ ನೀರು ಬಿಡುತ್ತಾ ‘ಫಿಲ್ ಇಟ್ ಅಪ್’. ಕುಡಿದು ಬರಿದು ಮಾಡಿ ‘ಡ್ರಿಂಕ್ ಇಟ್ ಅಪ್’. ಹಳೆಯ ಕಾಗದ ಚೂರು ಚೂರು ಮಾಡಿ ‘ಟೇರ್ ಇಟ್ ಅಪ್’. ಕೊನೆಗೆ ಆ ಚೂರುಗಳನ್ನು ಬಾಚಿಕೊಂಡು ‘ಕ್ಲೀನ್ ಇಟ್ ಅಪ್’. ಪ್ರತಿ ಸಲ ಕನ್ನಡದಲ್ಲಿ ಏನನ್ನುತ್ತೇವೆ ಎಂದು ಕೇಳಿ. ತುಂಬಿಸಿಬಿಡು, ಕುಡಿದುಬಿಡು, ಹರಿದುಹಾಕು, ಗುಡಿಸಿಬಿಡು ಎಂದು ಅವಳೇ ಹೇಳುತ್ತಾಳೆ. ನಾಲ್ಕು ದಿನ ಹೀಗೆ ಆಡಿದರೆ ಐದನೆಯ ದಿನ ಹೊಸದೊಂದು ಅಪ್ ಎದುರಾದಾಗ, ಇದು ಏಳುವುದೋ, ಏರುವುದೋ, ತುಂಬುವುದೋ, ಹತ್ತಿರ ಬರುವುದೋ, ಕಣ್ಣಿಗೆ ಬೀಳುವುದೋ ಎಂದು ತಾನೇ ಊಹೆ ಮಾಡತೊಡಗುತ್ತಾಳೆ. ಹತ್ತರಲ್ಲಿ ಎರಡು ಸಲ ತಪ್ಪಾದೀತು, ಆಗಲಿ ಬಿಡಿ. ತಪ್ಪಿದಾಗ ನೀವು ಆ 6 ಗಂಟೆಯ ಕಾಲ್ ಕಥೆ ಹೇಳಿ, ಫೋನಿನ ಕ್ಯಾಲೆಂಡರ್ ತೆರೆದು ಅವಳ ಬೆರಳಿನಿಂದಲೇ 7ನ್ನು 6ಕ್ಕೆ ಸರಿಸಿ ತೋರಿಸಿ.